ಬೆರಳ ಸಂದಿನ ಬೆಳಕು

ಆಗಸ್ಟ್ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ ಸೀಮೆಯ ರಾತ್ರಿಗೆ ಬೇರೆಯದೇ ಬಣ್ಣ. ಬಸ್ಸಿನ ಕಿಟಕಿಯಿಂದ ನೋಡಿದರೆ ಹೊಲಗಳ ನಡುವೆ, ತೆಂಗಿನ ಸಾಲಿನ ಹಿಂದೆ, ಅಲ್ಲೊಂದು ಇಲ್ಲೊಂದು ಕೆಂಪು ಬಾಯಿ ತೆರೆದುಕೊಂಡಿರುತ್ತದೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆ ಅದು. ಹೆಚ್ಚುಕಡಿಮೆ 16 ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಕಟ್ಟಡ. ಒಳಗೆ ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿದ ಎಲೆ, ಕೆಳಗೆ ನೆಲದಗುಂಟ ಸುತ್ತಿ ಬರುವ ತಗಡಿನ ಕೊಳವೆ. ಇಣುಕಿ ನೋಡಲು ಅಂಗೈಯಗಲದ ಒಂದು ಗಾಜಿನ ಕಿಂಡಿ. ಸೌದೆ ಉರಿಯುವುದು ಹೊರಗಿನ ಒಲೆಯಲ್ಲಿ; ಒಳಗೆ ಹೋಗುವುದು ಬಿಸಿ ಮಾತ್ರ. ಐದಾರು ದಿನ ಹಗಲೂ ಇರುಳೂ ಯಾರಾದರೊಬ್ಬರು ಆ ಒಲೆಬಾಯಿಯ ಎದುರು ಕೂತಿರಲೇಬೇಕು.

ಹಾಗೆ ಕೂತವರನ್ನು ನಡುರಾತ್ರಿಯಲ್ಲಿ ಹತ್ತಿರದಿಂದ ನೋಡಬೇಕು. ಬೆಳಕು ಕೆಳಗಿನಿಂದ ಬರುತ್ತಿರುತ್ತದೆ. ಹಗಲಿನಲ್ಲಿ ಕಾಣದ ಭಾಗಗಳೆಲ್ಲ ಈಗ ಮುಂದೆ ಬಂದಿವೆ: ಗಲ್ಲದ ಅಡಿಯ ಚರ್ಮ, ಮೂಗಿನ ಹೊಳ್ಳೆ, ಹುಬ್ಬಿನ ಕೆಳಗಿನ ಗುಳಿ. ಹಣೆಯ ಮೇಲರ್ಧ ಕತ್ತಲಿಗೆ ಸೇರಿಹೋಗಿದೆ. ತಲೆಗೆ ಸುತ್ತಿದ ಟವೆಲಿನ ಅಂಚು ಒಂದು ಗೆರೆಯಾಗಿ ಹೊಳೆಯುತ್ತದೆ. ಟವೆಲ್ ಎಲ್ಲಿ ಮುಗಿದು ಇರುಳು ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ಒಂದು ತುಂಡು ಸೌದೆ ಒಳಗೆ ತಳ್ಳಿದಾಗ ಕಿಡಿ ಎದ್ದು, ಆ ಕ್ಷಣಕ್ಕೆ ಹಿಂದಿನ ಗೋಡೆ, ಗೋಡೆಗೆ ಒರಗಿಸಿಟ್ಟ ಸೈಕಲ್, ಗೋಣಿಚೀಲದ ಮೇಲೆ ಮಲಗಿದ ನಾಯಿ ಎಲ್ಲ ಕಾಣಿಸಿ ಮತ್ತೆ ಇಲ್ಲವಾಗುತ್ತವೆ. ಉಳಿಯುವುದು ಮುಖ, ಎರಡು ಮೊಣಕಾಲು, ಮೊಣಕಾಲ ಮೇಲೆ ಜೋತುಬಿದ್ದ ಕೈ.

‘ಏನ್ ಯೋಚ್ನೆ ಮಾಡ್ತಾ ಕುಂತಿದ್ದೀರಣ್ಣ?’ ಎಂದು ಕೇಳಿದರೆ ಸಿಗುವ ಉತ್ತರ ಒಂದೇ. ‘ಯೋಚ್ನೆ ಏನ್ ಬಂತು, ಬೆಂಕಿ ನೋಡ್ತಾ ಕುಂತಿವ್ನಿ ಕಣಪ್ಪ.’

ಬೆಂಕಿ ನೋಡುವುದೇನು ಸಣ್ಣ ಕೆಲಸವಲ್ಲ. ಎಲೆ ಹಳದಿ ತಿರುಗುವ ತನಕ ಶಾಖ 95ರಿಂದ 100 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ ನಿಲ್ಲಬೇಕು. ಅವಸರಪಟ್ಟು ಏರಿಸಿದರೆ ಹಸಿರು ಹಾಗೇ ಕೂತುಬಿಡುತ್ತದೆ. ತಡವಾದರೆ ಎಲೆ ಕಂದಿಹೋಗುತ್ತದೆ. ಕೊನೆಗೆ ನಡುನರ ಒಣಗುವ ಹೊತ್ತಿಗೆ 160ಕ್ಕೆ ಏರಿಸಬೇಕು. ಇಡೀ ವರ್ಷದ ಸಾಲ, ಮಗಳ ಫೀಸು, ಸೌದೆಯ ಲಾರಿಯವನ ಬಾಕಿ ಎಲ್ಲವೂ ಆ ಹಳದಿಯ ಮೇಲೆ ನಿಂತಿದೆ. ಹರಾಜು ಕಟ್ಟೆಯಲ್ಲಿ ಬೇಲಿನಿಂದ ಎಳೆದ ಎಲೆಯನ್ನು ಖರೀದಿದಾರ ಹಗಲ ಬೆಳಕಿಗೆ ಹಿಡಿದು ನೋಡುವುದೂ ಬಣ್ಣವನ್ನೇ. ಬಣ್ಣ ಹುಟ್ಟುವುದು ಕತ್ತಲಲ್ಲಿ, ಬೆಲೆ ಕಟ್ಟುವುದು ಹಗಲಲ್ಲಿ.

ಬೆಂಕಿಯೆದುರಿನ ಈ ಮುಖವನ್ನು ಬರೆದ ಒಬ್ಬ ಚಿತ್ರಕಾರನಿದ್ದ. ಅವನು ಹುಣಸೂರನ್ನಂತೂ ಕಂಡವನಲ್ಲ. ಈಗಿನ ಫ್ರಾನ್ಸಿನ ಪೂರ್ವದಲ್ಲಿರುವ ಲೊರೇನ್ ಪ್ರಾಂತದಲ್ಲಿ 1593ರಲ್ಲಿ ಹುಟ್ಟಿದ ಜಾರ್ಜ್ ದ ಲಾ ತೂರ್. ಬ್ರೆಡ್ಡು ಸುಡುವ ಬೇಕರಿಯವನ ಮಗ. ಒಲೆಬಾಯಿಯ ಬೆಳಕಿಗೆ ಮನುಷ್ಯರ ಮುಖ ಹೇಗೆ ಕಾಣುತ್ತದೆ ಎಂಬುದು ಅವನಿಗೆ ಎಳವೆಯಲ್ಲೇ ಗೊತ್ತಿತ್ತೋ ಏನೋ. 1640ರ ದಶಕದ ಸುಮಾರಿಗೆ ಅವನು ಯೇಸುವಿನ ಶಿಷ್ಯೆ ಮಗ್ದಲೇನಾಳನ್ನು ಒಂದಲ್ಲ, ಹಲವು ಸಲ ಬರೆದ. ಒಂದು ಚಿತ್ರದಲ್ಲಿ ಆಕೆ ಗಲ್ಲಕ್ಕೆ ಕೈ ಆನಿಸಿ ಕೂತಿದ್ದಾಳೆ. ತೊಡೆಯ ಮೇಲೊಂದು ತಲೆಬುರುಡೆ. ಎದುರಿಗೆ ಗಾಜಿನ ಲೋಟದಲ್ಲಿ ಎಣ್ಣೆ, ಎಣ್ಣೆಯಲ್ಲಿ ಬತ್ತಿ, ಬತ್ತಿಯ ತುದಿಯಲ್ಲಿ ಹೊಗೆಯಾಡುವ ಒಂದು ಕುಡಿ. ಅಷ್ಟೇ. ಕೋಣೆ ಎಷ್ಟು ದೊಡ್ಡದು, ಬಾಗಿಲು ಎಲ್ಲಿದೆ, ಹೊತ್ತು ಎಷ್ಟಾಯಿತು ಒಂದೂ ತಿಳಿಯುವುದಿಲ್ಲ. ಆಕೆಯನ್ನು ಕೇಳಿದ್ದರೂ ಬೆಂಕಿ ನೋಡುತ್ತಿದ್ದೇನೆ ಎಂದೇ ಹೇಳುತ್ತಿದ್ದಳು.

ಬರೋಕ್ ಎಂದು ಕರೆಯುವ ಆ 17ನೇ ಶತಮಾನದ ತೈಲಚಿತ್ರಗಳಲ್ಲಿ ಬೆಳಕಿಗೆ ಒಂದು ಊರು, ಒಂದು ದಿಕ್ಕು ಇರುತ್ತದೆ. ಎಲ್ಲಿಂದ ಬಂತು, ಯಾರ ಮೇಲೆ ಬಿತ್ತು, ಯಾರನ್ನು ಬಿಟ್ಟುಹೋಯಿತು ಎನ್ನುವುದೇ ಅಲ್ಲಿನ ಕಥೆ. ಇಟಲಿಯ ಕಾರವಾಜ್ಜೊ ಇದಕ್ಕೆ ದಾರಿ ಹಾಕಿದವನು. ರೋಮ್ ನಗರದ ಸಾನ್ ಲುಯಿಜಿ ಚರ್ಚಿನಲ್ಲಿರುವ ಅವನ ಸಂತ ಮ್ಯಾಥ್ಯೂ ಚಿತ್ರದಲ್ಲಿ (1599–1600) ದುಡ್ಡೆಣಿಸುತ್ತ ಕೂತವರ ಮೇಲೆ ಬಲಗಡೆಯಿಂದ ಓರೆಯಾಗಿ ಬೆಳಕು ಬೀಳುತ್ತದೆ. ಆ ಚರ್ಚು ಎಷ್ಟು ಮಬ್ಬೆಂದರೆ, ಚಿತ್ರ ನೋಡಬೇಕಾದವರು ಪೆಟ್ಟಿಗೆಗೆ ನಾಣ್ಯ ಹಾಕಿ ದೀಪ ಹೊತ್ತಿಸಿಕೊಳ್ಳುವ ಪದ್ಧತಿ ಬಹುಕಾಲದಿಂದ ಇದೆ. ನಾಣ್ಯದ ಹೊತ್ತು ಮುಗಿದರೆ ದೀಪ ಆರುತ್ತದೆ. ಪಕ್ಕದವರು ಜೇಬು ತಡಕಾಡುತ್ತಾರೆ.

ನಮ್ಮ ಸೀಮೆಯ ಜನ ಇಂಥ ಬೆಳಕನ್ನು ಚಿತ್ರದಲ್ಲಿ ನೋಡಲು ಹೋಗುವುದು ಮೈಸೂರಿಗೆ. ಕೆ.ಆರ್. ನಗರದಿಂದಾಗಲಿ, ಹೆಗ್ಗಡದೇವನಕೋಟೆಯಿಂದಾಗಲಿ ಶಾಲಾ ಪ್ರವಾಸ ಹೊರಟರೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟದ ಜೊತೆಗೆ ಜಗನ್ಮೋಹನ ಅರಮನೆಯೂ ಪಟ್ಟಿಯಲ್ಲಿರುತ್ತಿತ್ತು. 1861ರಲ್ಲಿ ಕಟ್ಟಿದ ಆ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು; ಈಗ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ. ಆನೆದಂತದ ಕೆತ್ತನೆ, ಹಳೆಯ ಗಡಿಯಾರ, ವಾದ್ಯಗಳು ಎಲ್ಲವನ್ನೂ ಮಕ್ಕಳು ಓಡುನಡಿಗೆಯಲ್ಲೇ ದಾಟಿಬಿಡುತ್ತಾರೆ. ಸಾಲು ನಿಲ್ಲುವುದು ಒಂದೇ ಕಡೆ, ಬೇಕೆಂದೇ ಕತ್ತಲು ಮಾಡಿಟ್ಟ ಜಾಗದಲ್ಲಿ. ಅಲ್ಲಿರುವುದು ದೀಪ ಹಿಡಿದ ಹೆಣ್ಣುಮಗಳ ಚಿತ್ರ.

ಸೀರೆಯುಟ್ಟ ಎಳೆಯ ಹೆಂಗಸು. ಒಂದು ಕೈಯಲ್ಲಿ ದೀಪ. ಇನ್ನೊಂದು ಕೈ ಕುಡಿಗೆ ಮರೆ. ಗಾಳಿಗೆ ದೀಪ ಆರದಿರಲಿ ಎಂದು ಹಿಡಿದ ಆ ಅಂಗೈಯೇ ಈ ಚಿತ್ರದ ಜೀವ. ಕುಡಿ ನಮಗೆ ಕಾಣುವುದಿಲ್ಲ. ಅದು ಬೆರಳುಗಳ ಹಿಂದಿದೆ. ಬೆಳಕು ಮಾತ್ರ ಬೆರಳ ಸಂದಿಯಿಂದ ಸೋರಿ ಬಂದಿದೆ. ಬೆರಳಿನ ಅಂಚು ಕೆಂಪು, ಸಂದು ಇನ್ನೂ ಕೆಂಪು, ಮೂಳೆಯಿರುವ ನಡುಭಾಗ ಮಬ್ಬು. ಇದು ಎಷ್ಟು ನಿಜ ಎಂದು ನೋಡಬೇಕಿದ್ದರೆ ಮೊಬೈಲಿನ ಟಾರ್ಚ್ ಹಚ್ಚಿ ಮೇಲೆ ಬೆರಳಿಟ್ಟರೆ ಸಾಕು. ಅಲ್ಲಿಂದ ಬೆಳಕು ಮೇಲಕ್ಕೆ ಹೋಗಿ ಕತ್ತು, ಗಲ್ಲ, ಕೆನ್ನೆಯನ್ನು ಮುಟ್ಟುತ್ತದೆ. ಕೆಳಗೆ ಸೀರೆಯ ನೆರಿಗೆಗಳಲ್ಲಿ ಇಳಿಯುತ್ತ ಇಳಿಯುತ್ತ ಸೋಲುತ್ತದೆ. ಹಿಂದಿನ ಗೋಡೆಯ ಮೇಲೆ ಅವಳದೇ ನೆರಳು. ಮುಖದಲ್ಲಿರುವುದನ್ನು ನಗು ಎಂದರೆ ಹೆಚ್ಚಾಯಿತು, ಚಿಂತೆ ಎಂದರೆ ತಪ್ಪಾಯಿತು. ಏನೋ ನೆನಪಾಗಿ ಅಲ್ಲೇ ಒಂದು ಗಳಿಗೆ ನಿಂತವಳ ಮುಖ ಅದು.

ಹಳ್ಳಿಯಿಂದ ಬಂದ ವಯಸ್ಸಾದ ಹೆಂಗಸರು ಆ ಚಿತ್ರದ ಎದುರು ಹೆಚ್ಚು ಹೊತ್ತು ನಿಲ್ಲುತ್ತಾರೆ. ಅವರಿಗೆ ಆ ಕೈ ಗೊತ್ತು. ಕರೆಂಟು ಬರುವ ಮುಂಚೆ, ಬಂದ ಮೇಲೂ ಎಷ್ಟೋ ವರ್ಷ, ಅಡುಗೆ ಮನೆಯಿಂದ ಕೊಟ್ಟಿಗೆಗೆ ಬುಡ್ಡಿ ಒಯ್ದ ಕೈ ಅದು. ದೇವರ ಗೂಡಿನಿಂದ ತುಳಸಿ ಕಟ್ಟೆಗೆ ಹಣತೆ ಒಯ್ದ ಕೈ. ಲಾಂದ್ರಕ್ಕಾದರೆ ಗಾಜಿದೆ. ಬುಡ್ಡಿಗೆ ಏನಿದೆ? ಅಂಗೈಯೇ ಅದರ ಗಾಜು. ನಡೆಯುವಾಗ ಕಣ್ಣು ದಾರಿಯ ಮೇಲಿರುವುದಿಲ್ಲ, ಕುಡಿಯ ಮೇಲಿರುತ್ತದೆ. ಹೊಸ್ತಿಲು ಎಲ್ಲಿದೆ ಎಂದು ಕಾಲಿಗೇ ಗೊತ್ತು. ಆ ನಾಲ್ಕು ಹೆಜ್ಜೆಯ ಹೊತ್ತು ಮನೆಯಲ್ಲಿ ಯಾರೂ ಅವರನ್ನು ಕರೆಯುವುದಿಲ್ಲ, ಕರೆದರೂ ಅವರು ತಿರುಗುವುದಿಲ್ಲ. ಬೆಳಗಿನಿಂದ ಕತ್ತಲಾಗುವವರೆಗೆ ದುಡಿದ ಹೆಂಗಸಿಗೆ ತನ್ನಷ್ಟಕ್ಕೆ ತಾನಿರಲು ಸಿಕ್ಕುತ್ತಿದ್ದ ಬಿಡುವು ಕೆಲವೊಮ್ಮೆ ಅಷ್ಟೇ ಆಗಿತ್ತು.

ಚಿತ್ರ ಯಾರದು ಎಂದು ಅಲ್ಲಿ ನಿಂತವರನ್ನು ಕೇಳಿ ನೋಡಿ. ಹತ್ತರಲ್ಲಿ ಎಂಟು ಮಂದಿ ರವಿವರ್ಮ ಎನ್ನುತ್ತಾರೆ. ಅದೇ ಕಟ್ಟಡದಲ್ಲಿ ರವಿವರ್ಮನ ಚಿತ್ರಗಳು ಇರುವುದರಿಂದ, ಕ್ಯಾಲೆಂಡರಿನ ಕಾಲದಿಂದಲೂ ಸೀರೆಯುಟ್ಟ ಚೆಲುವೆಯರೆಲ್ಲ ಅವನ ಖಾತೆಗೇ ಜಮೆಯಾಗಿರುವುದರಿಂದ, ಅದು ಸಹಜ. ನಿಜವಾಗಿ ಅದನ್ನು ಬರೆದವರು ಎಸ್.ಎಲ್. ಹಳದಣಕರ್. 1882ರಲ್ಲಿ ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅದೇ ನಗರದಲ್ಲಿ ಸ್ವಂತ ಕಲಾಶಾಲೆ ನಡೆಸಿದವರು. ಈ ಚಿತ್ರ 1945–46ರದು. ರವಿವರ್ಮ ತೀರಿಕೊಂಡು ಆಗಲೇ ನಲವತ್ತು ವರ್ಷ ಆಗಿತ್ತು. ದೀಪ ಹಿಡಿದು ನಿಂತದ್ದು ಹಳದಣಕರ್ ಅವರ ಮಗಳು ಗೀತಾ. ಗೀತಾ ಉಪಳೇಕರ್ ಅವರು ಕೊಲ್ಲಾಪುರದಲ್ಲಿ ನೂರು ದಾಟಿ ಬದುಕಿ 2018ರಲ್ಲಿ ತೀರಿಕೊಂಡರು.

ಲಾ ತೂರ್‌ನದ್ದೂ ಇದೇ ಪಾಡು. 1652ರಲ್ಲಿ ಸತ್ತ ಮೇಲೆ ಜನ ಅವನನ್ನು ಮರೆತೇಬಿಟ್ಟರು. ಅವನ ದೀಪದ ಚಿತ್ರಗಳು ಬೇರೆ ಬೇರೆ ಹೆಸರಾಂತವರ ಲೆಕ್ಕಕ್ಕೆ ಸೇರಿಹೋಗಿದ್ದವು. ಹೆರ್ಮಾನ್ ಫೋಸ್ ಎಂಬ ಜರ್ಮನ್ ವಿದ್ವಾಂಸ ಅವನನ್ನು ಮತ್ತೆ ಗುರುತಿಸಿದ್ದು 1915ರಲ್ಲಿ, ಜಗನ್ಮೋಹನ ಚಿತ್ರಶಾಲೆಯಾದ ವರ್ಷವೇ. ಅವನ ಇನ್ನೊಂದು ಚಿತ್ರ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಬಡಗಿ ಜೋಸೆಫ್ ಬಗ್ಗಿ ಬೈರಿಗೆಯಿಂದ ಮರ ಕೊರೆಯುತ್ತಿದ್ದಾನೆ. ಎದುರಿಗೆ ಬಾಲಯೇಸು ಮೇಣದಬತ್ತಿ ಹಿಡಿದು ಕೂತಿದ್ದಾನೆ. ಮಗುವಿನ ಒಂದು ಕೈ ಕುಡಿಗೆ ಅಡ್ಡ. ಆ ಎಳೆಯ ಬೆರಳುಗಳು ಒಳಗಿನಿಂದ ಬೆಳಗುತ್ತಿವೆ, ಉಗುರಿನ ಕೊಳೆಯೂ ಕಾಣುವಷ್ಟು. ಹಳದಣಕರ್ ಈ ಚಿತ್ರವನ್ನು ಕಂಡಿದ್ದರೇ ಎಂಬ ಪ್ರಶ್ನೆ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಗಾಳಿಯಲ್ಲಿ ದೀಪ ಒಯ್ಯುವ ಎಲ್ಲರೂ ಕೈಯನ್ನು ಹಾಗೇ ಹಿಡಿಯುತ್ತಾರೆ.

ಆದರೆ ಒಂದು ವ್ಯತ್ಯಾಸ ದೊಡ್ಡದು. ಮೈಸೂರಿನ ಚಿತ್ರ ತೈಲವರ್ಣವೆಂದೇ ಹಲವರು ತಿಳಿದಿದ್ದಾರೆ. ಅದು ಜಲವರ್ಣ, ಕಾಗದದ ಮೇಲೆ. ಇದು ಬರೀ ಮಾಹಿತಿಯ ಮಾತಲ್ಲ. ಎಣ್ಣೆ ಬಣ್ಣದವನು ಕತ್ತಲಿನಿಂದ ಶುರು ಮಾಡಬಹುದು. ಬಟ್ಟೆಗೆ ಮೊದಲು ಕಂದು ಬಳಿದು, ಆಮೇಲೆ ಮೆಲ್ಲಗೆ ಒಂದೊಂದೇ ಬೆಳಕನ್ನು ಅದರ ಮೇಲೆ ತರಬಹುದು. ಡಚ್ ಚಿತ್ರಕಾರ ರೆಂಬ್ರಾಂಟ್‌ನ ಮುಪ್ಪಿನ ಮುಖಗಳನ್ನು ಪಕ್ಕದಿಂದ ನೋಡಿದರೆ ನೆರಳಿನ ಭಾಗದಲ್ಲಿ ಬಣ್ಣ ತೆಳ್ಳಗೆ, ಬಟ್ಟೆಯ ನೇಯ್ಗೆ ಕಾಣುವಷ್ಟು. ಹಣೆ, ಮೂಗಿನ ಬೆನ್ನು, ಕೆನ್ನೆಯ ಮೇಲೆ ಸೀಸದ ಬಿಳಿ ದಪ್ಪಕ್ಕೆ ಮೆತ್ತಿ ಕೂತಿರುತ್ತದೆ. ಬೆಳಕಿಗೆ ಅಲ್ಲಿ ಮೈಯಿದೆ, ಉಬ್ಬಿದೆ. ಕೆಟ್ಟರೆ ಕೆರೆದು ಮತ್ತೆ ಬಳಿಯಬಹುದು. ಜಲವರ್ಣದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಅತಿ ಹೆಚ್ಚು ಬೆಳಕು ಎಂದರೆ ಬಣ್ಣ ತಾಗದೆ ಉಳಿದ ಕಾಗದ. ಬೆರಳ ಸಂದಿನ ಹೊಳಪನ್ನು ಕೊನೆಗೆ ತಂದು ಇಡಲಾಗದು. ಮೊದಲ ಕುಂಚ ಹಾಕುವಾಗಲೇ ಇಷ್ಟು ಜಾಗ ಬಿಡಬೇಕು ಎಂದು ನಿಶ್ಚಯಿಸಿ, ಸುತ್ತಲೂ ಕತ್ತಲನ್ನು ಪದರ ಪದರವಾಗಿ ಕಟ್ಟುತ್ತ ಬರಬೇಕು. ಒಂದು ಹನಿ ಕಪ್ಪು ಆ ಜಾಗಕ್ಕೆ ಹರಿದರೆ ದೀಪ ಆರಿದಂತೆಯೇ. ಬರೋಕ್ ಚಿತ್ರಕಾರರು ಎಣ್ಣೆಯಲ್ಲಿ ಮಾಡಿದ್ದನ್ನು ಹಳದಣಕರ್ ನೀರಿನಲ್ಲಿ ಮಾಡಿದರು. ಚಿತ್ರ ಬಲ್ಲವರು ಇದಕ್ಕೇ ತಲೆದೂಗುವುದು.

ನಮ್ಮ ಕಡೆಯ ಹಳೆಯ ಚಿತ್ರಗಳಲ್ಲಿ ನೆರಳೇ ಇಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಳೆದು ನಿಂತ ಮೈಸೂರು ಸಂಪ್ರದಾಯದ ಚಿತ್ರ ನೋಡಿ. ಸಫೇದ, ಮಕ್ಕಿ ಹಳದಿ, ಗೋಂದು ಕೂಡಿಸಿದ ಕಣಕದಲ್ಲಿ ಒಡವೆಗಳನ್ನು ಸಣ್ಣಗೆ ಉಬ್ಬಿಸಿ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ದೇವಿಯ ಮುಖಕ್ಕೆ ಎಡ ಬಲ ಎಂಬ ಭೇದವಿಲ್ಲ, ಎರಡೂ ಕೆನ್ನೆ ಸಮನಾಗಿ ಬೆಳಗುತ್ತವೆ. ನೆಲದ ಮೇಲೆ ಯಾರ ನೆರಳೂ ಬೀಳುವುದಿಲ್ಲ. ಬೈಲಕುಪ್ಪೆಯಲ್ಲೂ ಹಾಗೇ. ಪಿರಿಯಾಪಟ್ಟಣ ತಾಲ್ಲೂಕಿನ ಈ ಟಿಬೆಟನ್ನರ ನೆಲೆ 1960ರ ದಶಕದ ಆರಂಭದಲ್ಲಿ ಶುರುವಾದದ್ದು; ಅಲ್ಲಿನ ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರದ ಗೋಡೆಗಳ ತುಂಬ ದೇವತೆಗಳಿದ್ದಾರೆ, ಒಬ್ಬರಿಗೂ ನೆರಳಿಲ್ಲ. ಈ ಚಿತ್ರಗಳಲ್ಲಿ ದೀಪ ಚಿತ್ರದ ಒಳಗಿರುವುದಿಲ್ಲ, ಎದುರಿಗಿರುತ್ತದೆ. ಪೂಜೆ ಮಾಡುವವನು ಹಚ್ಚಿಟ್ಟ ಕುಡಿ ಅಲುಗಿದಾಗ ರೇಕಿನ ಚಿನ್ನ ಅಲುಗುತ್ತದೆ, ದೇವಿ ಉಸಿರಾಡಿದಂತೆ ಕಾಣುತ್ತದೆ. ನೆರಳಿನ ಕೆಲಸವನ್ನು ಕೋಣೆ ಮಾಡುತ್ತದೆ. ಇದೂ ಧ್ಯಾನಕ್ಕೆಂದೇ ಕಟ್ಟಿದ ಬೆಳಕು. ಆದರೆ ಧ್ಯಾನಿಸುವವರು ನಾವು, ಚಿತ್ರದ ಒಳಗಿರುವವರಲ್ಲ. ದೇವಿಗೆ ಯೋಚನೆ ಎಲ್ಲಿಯದು? ಅವಳಿಗೆ ಎಲ್ಲವೂ ಗೊತ್ತು. ಮುಖದ ಒಂದು ಪಾಲು ಮರೆಯಾದಾಗಲೇ ಅಲ್ಲಿ ಏನೋ ನಡೆಯುತ್ತಿದೆ ಎಂದು ನಮಗೆ ಅನ್ನಿಸುವುದು. ಯೋಚಿಸುವ ಮುಖಕ್ಕೆ ನೆರಳು ಬೇಕೇ ಬೇಕು ಎನ್ನುವುದು ನನ್ನ ಎಣಿಕೆ.

ನೆರಳಿರುವ, ನೆರಳಿಲ್ಲದ ಈ ಎರಡೂ ಬಗೆಯ ಚಿತ್ರಗಳು ಒಮ್ಮೆ ಎದುರುಬದುರಾದದ್ದುಂಟು. 1656ರ ಸುಮಾರಿಗೆ, ಸಾಲಕ್ಕೆ ಸಿಕ್ಕಿ ಆಸ್ತಿಯೆಲ್ಲ ಕೈಬಿಡುತ್ತಿದ್ದ ಹೊತ್ತಿನಲ್ಲಿ, ಆಮ್‌ಸ್ಟರ್‌ಡ್ಯಾಮಿನ ರೆಂಬ್ರಾಂಟ್‌ನ ಕಣ್ಣಿಗೆ ಮೊಗಲರ ಕಿರುಚಿತ್ರಗಳು ಬಿದ್ದವು. ಆಮೇಲಿನ ಕೆಲವೇ ವರ್ಷಗಳಲ್ಲಿ ಅವನು ಅವುಗಳನ್ನು ನೋಡಿಕೊಂಡು ಏಷ್ಯಾದಿಂದ ಬಂದ ನಯವಾದ ಕಾಗದದ ಮೇಲೆ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರ ಮಾಡಿದ. ಷಹಜಹಾನನೂ ಅವುಗಳಲ್ಲಿದ್ದಾನೆ. ಮೂಲದ ಪೇಟ, ಜಾಮೆ, ನಿಲುವು ಎಲ್ಲವನ್ನೂ ಶ್ರದ್ಧೆಯಿಂದ ತೆಗೆದುಕೊಂಡ ರೆಂಬ್ರಾಂಟ್ ತನ್ನ ಕಡೆಯಿಂದ ಸ್ವಲ್ಪ ಛಾಯೆ ಸೇರಿಸಿದ. ಬಾದಶಹನ ಮೈಗೆ ತೂಕ ಬಂತು.

ನಮ್ಮ ತಾಲ್ಲೂಕು ಊರುಗಳಿಗೆ ನೆರಳು ಬಂದದ್ದು ತೈಲಚಿತ್ರದಿಂದಲ್ಲ, ಫೋಟೊ ಸ್ಟುಡಿಯೋದಿಂದ. ಕೆ.ಆರ್. ನಗರದಲ್ಲೋ ಹುಣಸೂರಿನಲ್ಲೋ ಮಹಡಿ ಮೇಲಿನ ಕೋಣೆಯಲ್ಲಿ, ಒಂದು ಪರದೆ, ಒಂದು ಕುರ್ಚಿ, ಒಂದು ಕಡೆಗೆ ಪ್ರಖರವಾದ ಬಲ್ಬು, ಇನ್ನೊಂದು ಕಡೆಗೆ ಮಂಕಾದದ್ದು. ‘ಗದ್ದ ಸ್ವಲ್ಪ ಇಳಿಸಿ, ಲೈಟ್ ಕಡೆ ನೋಡಬೇಡಿ’ ಎಂದು ಹೇಳುತ್ತಿದ್ದವರಿಗೆ ರೆಂಬ್ರಾಂಟ್ ಹೆಸರು ಗೊತ್ತಿರಬೇಕಾಗಿರಲಿಲ್ಲ. ಆದರೂ ನೆರಳಿನ ಕಡೆಯ ಕಣ್ಣಿನ ಕೆಳಗೆ ಒಂದು ಮುಕ್ಕೋನದ ಬೆಳಕು ಬೀಳುವ ಹಾಗೆ ಅವರು ಬಲ್ಬು ಸರಿಸುತ್ತಿದ್ದರು. ಆ ಫೋಟೊ ದೊಡ್ಡದಾಗಿ, ಕಟ್ಟು ಹಾಕಿಸಿಕೊಂಡು, ಮನೆಯ ಹಜಾರದಲ್ಲಿ ಮಾಲೆ ಹಾಕಿಸಿಕೊಂಡು ಕೂತಿದೆ. ಜೀವನವಿಡೀ ಗದ್ದೆ, ದನ, ಕೋರ್ಟು ಎಂದು ಅಲೆದ ತಾತ ಆ ಒಂದು ಪಟದಲ್ಲಿ ಮಾತ್ರ ತತ್ತ್ವಜ್ಞಾನಿಯ ಹಾಗೆ ಕಾಣುತ್ತಾರೆ. ಬಲ್ಬಿನ ಮಹಿಮೆ.

ಕಾವೇರಿ ದಡದ ಕಪ್ಪಡಿಯಲ್ಲಿ ಶಿವರಾತ್ರಿಯ ಹೊತ್ತಿಗೆ ಸೇರುವ ಜಾತ್ರೆಯಲ್ಲಿ ಇದರ ಉಲ್ಟಾ ನೋಡಬಹುದು. ಮಂಟೇಸ್ವಾಮಿ ಒಕ್ಕಲಿನವರು ತಮ್ಮ ಗುರುವನ್ನು ಪರಂಜ್ಯೋತಿ ಎಂದು ಕರೆಯುತ್ತಾರೆ. ಆ ಪರಂಪರೆಯ ಹಾಡುಗಾರರಾದ ನೀಲಗಾರರು ತಂಬೂರಿ ಹಿಡಿದು ಇರುಳೆಲ್ಲ ಹಾಡುತ್ತಾರೆ. ಈಗ ಅಲ್ಲಿ ಟ್ಯೂಬ್‌ಲೈಟು, ಎಲ್‌ಇಡಿ ಸರ ಯಥೇಚ್ಛ. ಹಾಡುವವರ ಮುಖದಲ್ಲಿ ಮರೆ ಎಂಬುದೇ ಇಲ್ಲ. ಜ್ಯೋತಿಯನ್ನು ಕುರಿತ ಹಾಡಿಗೆ ಇಷ್ಟೊಂದು ಬೆಳಕು ಬೇಕಿರಲಿಲ್ಲ ಎಂದು ನನಗೆ ಅನ್ನಿಸಿದ್ದುಂಟು. ಆದರೆ ಚಪ್ಪಲಿ ಎಲ್ಲಿ ಬಿಟ್ಟೆವೆಂದು ಹುಡುಕುವವರಿಗೆ ಅದು ಬೇಕು.

ಜಗನ್ಮೋಹನದ ಕತ್ತಲೆಯ ಬಗ್ಗೆಯೂ ನನ್ನದೊಂದು ತಕರಾರಿದೆ. ಚಿತ್ರಕಾರ ಬೇಕಾದಷ್ಟು ಕತ್ತಲನ್ನು ಕಾಗದದ ಮೇಲೆಯೇ ಕಟ್ಟಿಕೊಟ್ಟಿದ್ದಾನೆ. ಅದರ ಸುತ್ತ ಇನ್ನೊಂದು ಕತ್ತಲು ಕಟ್ಟಿ ಚಿತ್ರಕ್ಕಷ್ಟೇ ದೀಪ ಬಿಟ್ಟರೆ, ನೋಡುವವರಿಗೆ ಯಾವುದು ಕುಂಚದ ಕೆಲಸ, ಯಾವುದು ಎಲೆಕ್ಟ್ರಿಷಿಯನ್ನನ ಕೆಲಸ ಎಂದು ತಿಳಿಯುವುದು ಹೇಗೆ? ಚಿತ್ರದ ಹಿಂದೆ ಬಲ್ಬಿದೆ ಎಂದು ನಂಬಿ ಮನೆಗೆ ಹೋದವರು ಬೇಕಾದಷ್ಟಿದ್ದಾರೆ. ಬೆಳಕಿಗೆ ಜಲವರ್ಣ ಬೇಗ ಬಣ್ಣಗೆಡುತ್ತದೆ, ಮಬ್ಬಿನಲ್ಲಿಡುವುದೇ ಕ್ಷೇಮ ಎಂಬುದು ನಿಜ. ಆ ಮಾತನ್ನು ಒಂದು ಫಲಕದಲ್ಲಿ ಬರೆದು, ಹಳದಣಕರ್ ಹೆಸರನ್ನು ದೊಡ್ಡಕ್ಷರದಲ್ಲಿ ಹಾಕಿದರೆ ಕಳೆದುಕೊಳ್ಳುವುದೇನಿಲ್ಲ.

ಒಮ್ಮೆ ಅಲ್ಲಿ ಹೆಗ್ಗಡದೇವನಕೋಟೆ ಕಡೆಯ ಶಾಲೆಯ ಹುಡುಗರ ಸಾಲಿನ ಹಿಂದೆ ನಿಂತಿದ್ದೆ. ಮುಂದಿದ್ದವನೊಬ್ಬ ಚಿತ್ರವನ್ನು ಎಡದಿಂದ ನೋಡಿದ, ಬಲದಿಂದ ನೋಡಿದ, ಬಗ್ಗಿ ಕಟ್ಟಿನ ಹಿಂದೆ ವೈರು ಇದೆಯೇ ಎಂದು ಹುಡುಕಿದ. ಸಿಗಲಿಲ್ಲ. ‘ಸಾ, ಕರೆಂಟ್ ಹೋದ್ರೆ ಈ ದೀಪಾನೂ ಆರೋಯ್ತದಾ?’ ಎಂದು ಕೇಳಿದ. ಮೇಷ್ಟ್ರು ಒಂದು ಕ್ಷಣ ಯೋಚಿಸಿ, ‘ಹೂಂ ಕಣೋ, ಆರೋಯ್ತದೆ. ಮುಂದಕ್ಕೆ ನಡಿ, ಹಿಂದೆ ಜನ ನಿಂತವ್ರೆ’ ಅಂದರು.